ಶೈತ್ಯಾಗಾರದ ಅಮೋನಿಯಾ ಪಂಪು: ಆಯ್ಕೆಯ ವಿವೇಕ ಮತ್ತು ಗ್ರಾಮದ ಕ್ಷೇಮ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿಯ ಸಭೆಗೆ ಬರುವ ಅರ್ಜಿಗಳಲ್ಲಿ ಶೈತ್ಯಾಗಾರ, ಮಂಜುಗಡ್ಡೆ ಘಟಕ, ಹಾಲು ಸಂಸ್ಕರಣಾ ಘಟಕ ಮುಂತಾದವುಗಳ ಅರ್ಜಿಯೂ ಒಂದು. ಬ್ಯಾಡಗಿಯ ಸುತ್ತ ಮೆಣಸಿನಕಾಯಿಯನ್ನು ಕಾಪಿಡುವ ಶೈತ್ಯಾಗಾರಗಳು, ಮಲ್ಪೆ ಮತ್ತು ಮಂಗಳೂರಿನ ಕಡಲ ಬದಿಯ ಮೀನು ಸಂಸ್ಕರಣಾ ಘಟಕಗಳು, ಜಿಲ್ಲೆ ಜಿಲ್ಲೆಗಳಲ್ಲಿರುವ ಹಾಲು ಒಕ್ಕೂಟದ ಡೇರಿಗಳು ಈ ವರ್ಗಕ್ಕೆ ಸೇರಿದವು. ರೈತನು ಬೆಲೆ ಬರುವವರೆಗೆ ಬೆಳೆಯನ್ನು ಕಾಯ್ದಿರಿಸಲು ಇವು ನೆರವಾಗುತ್ತವೆ. ಹತ್ತಾರು ಮಂದಿಗೆ ಉದ್ಯೋಗ ನೀಡುತ್ತವೆ. ಪಂಚಾಯತಿಗೆ ತೆರಿಗೆ ತರುತ್ತವೆ. ಆದುದರಿಂದ ಇಂತಹ ಅರ್ಜಿ ಬಂದಾಗ ಸಭೆಯಲ್ಲಿ ಸಂತೋಷವೇ ಮೂಡುವುದು ಸಹಜ.

ಆ ಸಂತೋಷದ ನಡುವೆ ಕೇಳದೇ ಉಳಿಯುವ ಪ್ರಶ್ನೆ ಒಂದಿದೆ. ಆ ಕಟ್ಟಡದೊಳಗೆ ತಂಪನ್ನು ಉಂಟುಮಾಡುವ ವಸ್ತು ಯಾವುದು, ಅದನ್ನು ಕೊಳವೆಗಳಲ್ಲಿ ಸಾಗಿಸುವ ಯಂತ್ರ ಎಂತಹುದು, ಆ ಯಂತ್ರ ಸೋರಿದರೆ ಗಾಳಿ ಬೀಸುವ ದಿಕ್ಕಿನಲ್ಲಿ ಯಾರ ಮನೆ ಇದೆ? ದೊಡ್ಡ ಶೈತ್ಯಾಗಾರಗಳಲ್ಲಿ ಈ ವಸ್ತು ಬಹುಮಟ್ಟಿಗೆ ಅಮೋನಿಯಾ. ಕೆಲವು ಘಟಕಗಳಲ್ಲಿ ಅದನ್ನು ಸಾಗಿಸುವ ಯಂತ್ರ ಪಂಪು. ಪಂಪನ್ನು ಆಯ್ಕೆ ಮಾಡುವವರು ಮಾಲೀಕರು ಮತ್ತು ಅವರ ಎಂಜಿನಿಯರುಗಳು, ಗ್ರಾಮ ಪಂಚಾಯತಿಯಲ್ಲ. ಆದರೆ ಅನುಮತಿ ನೀಡುವ ನಿರ್ಣಯದ ಕೆಳಗೆ ಸಹಿ ಹಾಕುವವರು ಸದಸ್ಯರು. ಅನೇಕ ಕಡೆ ಸಹಕಾರ ಸಂಘವೋ ರೈತ ಉತ್ಪಾದಕ ಸಂಸ್ಥೆಯೋ ಶೈತ್ಯಾಗಾರ ಕಟ್ಟುವಾಗ ಅದರ ಆಡಳಿತ ಮಂಡಳಿಯಲ್ಲಿ ಇದೇ ಸದಸ್ಯರು ಕುಳಿತಿರುತ್ತಾರೆ. ಆಗ ದರಪಟ್ಟಿಯನ್ನು ಒಪ್ಪುವ ಹೊಣೆಯೂ ಅವರದೇ. ಸರಿಯಾದ ಪ್ರಶ್ನೆ ಕೇಳಲು ಬೇಕಾದಷ್ಟು ತಿಳಿವಳಿಕೆಯನ್ನು ಒದಗಿಸುವುದೇ ಈ ಉಪನ್ಯಾಸದ ಉದ್ದೇಶ.

1. ಅಮೋನಿಯಾದ ಗುಣ ಮತ್ತು ದೋಷ

ಸಾಮಾನ್ಯ ವಾಯು ಒತ್ತಡದಲ್ಲಿ ಅಮೋನಿಯಾ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ನೀರು ಆವಿಯಾಗುವಾಗ ಒಲೆಯ ಶಾಖವನ್ನು ಹೀರುವಂತೆ, ಅಮೋನಿಯಾ ಆವಿಯಾಗುವಾಗ ಕೋಣೆಯ ಶಾಖವನ್ನು ಹೀರುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಒಂದು ಕಿಲೋಗ್ರಾಂ ದ್ರವ ಅಮೋನಿಯಾ ಆವಿಯಾಗಲು ಸುಮಾರು 1,300 ಕಿಲೋಜೂಲ್ ಶಾಖ ಬೇಕು. ತಂಪುಕಾರಕ ದ್ರವಗಳಲ್ಲಿ ಇಷ್ಟು ಶಾಖವನ್ನು ಹೀರುವ ಶಕ್ತಿ ಬೇರೆ ಹೆಚ್ಚಿನವುಗಳಿಗೆ ಇಲ್ಲ. ಅದರ ಬೆಲೆಯೂ ಕಡಿಮೆ. ಓಜೋನ್ ಪದರಕ್ಕೆ ಅದರಿಂದ ಹಾನಿಯಿಲ್ಲ. ಭೂಮಿಯ ತಾಪವನ್ನು ಅದು ಏರಿಸುವುದೂ ಇಲ್ಲ. ಆದುದರಿಂದ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಕೈಗಾರಿಕೆಗಳು ಅದನ್ನು ಬಿಟ್ಟಿಲ್ಲ.

ದೋಷವೂ ಅಷ್ಟೇ ಸ್ಪಷ್ಟ. ಒಂದು ಲೀಟರ್ ದ್ರವ ಅಮೋನಿಯಾ ಹೊರಬಿದ್ದು ಆವಿಯಾದರೆ ಸುಮಾರು 900 ಲೀಟರ್ ಅನಿಲವಾಗುತ್ತದೆ. ಕೆಲಸಗಾರರು ದಿನವಿಡೀ ಉಸಿರಾಡಬಹುದಾದ ಮಿತಿಯನ್ನು ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ ಎಂದು ಇರಿಸಲಾಗಿದೆ. 300 ಭಾಗವಾದರೆ ಅದು ಜೀವಕ್ಕೆ ಮತ್ತು ಆರೋಗ್ಯಕ್ಕೆ ತಕ್ಷಣದ ಅಪಾಯ. ಅಮೋನಿಯಾ ನೀರನ್ನು ಅರಸಿ ಹೋಗುವ ವಸ್ತು. ಮನುಷ್ಯನ ದೇಹದಲ್ಲಿ ತೇವವಿರುವ ಜಾಗಗಳಾದ ಕಣ್ಣು, ಗಂಟಲು ಮತ್ತು ಶ್ವಾಸಕೋಶಗಳನ್ನೇ ಅದು ಮೊದಲು ಸುಡುತ್ತದೆ. ಗಾಳಿಯಲ್ಲಿ ಶೇಕಡಾ 15ರಿಂದ 28ರಷ್ಟು ಬೆರೆತಾಗ ಕಿಡಿ ತಾಗಿದರೆ ಹೊತ್ತಿಕೊಳ್ಳಲೂಬಹುದು. ಅನಿಲರೂಪದ ಅಮೋನಿಯಾ ಗಾಳಿಗಿಂತ ಹಗುರವೆಂಬುದು ನಿಜ. ಆದರೆ ಒತ್ತಡದಿಂದ ಚಿಮ್ಮಿದ ತಣ್ಣನೆಯ ದ್ರವವು ಬಿಳಿಯ ಮಂಜಿನಂತೆ ನೆಲಕ್ಕೆ ಅಂಟಿಕೊಂಡೇ ಹರಿಯುತ್ತದೆ. ಹಗುರವಾದುದರಿಂದ ಮೇಲೆ ಹೋಗಿಬಿಡುವುದೆಂಬ ನಂಬಿಕೆಯಿಂದ ಯಾರೂ ಸ್ಥಳದಲ್ಲಿ ನಿಲ್ಲಬಾರದು.

2. ಪಂಪು ಎಲ್ಲಿ ಬೇಕು, ಎಲ್ಲಿ ಬೇಡ

ಪಂಪಿನ ಆಯ್ಕೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಪಂಪು ಬೇಕೇ ಎಂಬುದು. ಮೆಣಸಿನಕಾಯಿ, ಆಲೂಗಡ್ಡೆಯಂತಹ ಸರಕನ್ನು ಸೊನ್ನೆ ಡಿಗ್ರಿಗಿಂತ ಕೆಲವೇ ಡಿಗ್ರಿ ಮೇಲೆ ಇರಿಸುವ, ನಾಲ್ಕಾರು ಕೋಣೆಗಳ ಶೈತ್ಯಾಗಾರದಲ್ಲಿ ಪಂಪಿಲ್ಲದೆಯೂ ಕೆಲಸ ಸಾಗುತ್ತದೆ. ಪ್ರತಿ ಕಾಯಿಲ್‌ಗಿಂತ ಸ್ವಲ್ಪ ಎತ್ತರದಲ್ಲಿ ಒಂದು ಸಣ್ಣ ಪಾತ್ರೆಯನ್ನು ಇರಿಸಿದರೆ ದ್ರವ ಅಮೋನಿಯಾ ತನ್ನ ಭಾರದಿಂದಲೇ ಕಾಯಿಲ್‌ಗೆ ಇಳಿಯುತ್ತದೆ. ಆವಿಯು ಮೇಲೆ ಬಂದು ಕಂಪ್ರೆಸರಿಗೆ ಹೋಗುತ್ತದೆ. ಊರಿನ ಮೇಲ್ತೊಟ್ಟಿಯಿಂದ ನಲ್ಲಿಗೆ ನೀರು ಇಳಿಯುವ ಕ್ರಮವೇ ಇದು. ಇಲ್ಲಿ ಕೆಡುವ ಯಂತ್ರವೂ ಇಲ್ಲ, ಸೋರುವ ಸೀಲೂ ಇಲ್ಲ.

ಕೋಣೆಗಳು ಅನೇಕವಾಗಿ ಯಂತ್ರಕೋಣೆಯಿಂದ ದೂರವಿದ್ದಾಗ, ಅಥವಾ ಮೀನು, ಸೀಗಡಿ, ಐಸ್‌ಕ್ರೀಮುಗಳನ್ನು ಮೈನಸ್ 40 ಡಿಗ್ರಿಯ ಸುಮಾರಿನಲ್ಲಿ ಬೇಗ ಹೆಪ್ಪುಗಟ್ಟಿಸಬೇಕಾದಾಗ ಪಂಪು ಬೇಕಾಗುತ್ತದೆ. ಆಗ ಕಡಿಮೆ ಒತ್ತಡದ ಒಂದು ದೊಡ್ಡ ರಿಸೀವರ್‌ನಲ್ಲಿ ತಣ್ಣನೆಯ ದ್ರವವನ್ನು ಸಂಗ್ರಹಿಸಿ, ಪಂಪಿನ ಮೂಲಕ ಎಲ್ಲ ಕಾಯಿಲ್‌ಗಳಿಗೂ ಕಳುಹಿಸಲಾಗುತ್ತದೆ. ಆವಿಯಾಗುವುದಕ್ಕಿಂತ ಸಾಮಾನ್ಯವಾಗಿ ಮೂರರಿಂದ ನಾಲ್ಕು ಪಟ್ಟು ದ್ರವವನ್ನು ಕಳುಹಿಸುವುದು ರೂಢಿ. ಕಾಯಿಲ್‌ನ ಒಳಮೈ ಪೂರ್ತಿಯಾಗಿ ಒದ್ದೆಯಾಗಿದ್ದರೆ ಶಾಖ ಚೆನ್ನಾಗಿ ದಾಟುತ್ತದೆ. ಉಳಿದ ದ್ರವ ಆವಿಯೊಡನೆ ರಿಸೀವರ್‌ಗೆ ಹಿಂದಿರುಗುತ್ತದೆ. ಗಮನಿಸಬೇಕಾದ ಸಂಗತಿ ಒಂದಿದೆ: ಪಂಪಿನ ವ್ಯವಸ್ಥೆಯಲ್ಲಿ ಉದ್ದನೆಯ ಕೊಳವೆಗಳ ತುಂಬ ದ್ರವ ಅಮೋನಿಯಾ ಇರುತ್ತದೆ. ಆದ್ದರಿಂದ ಪಂಪು ಬೇಡದ ಘಟಕಕ್ಕೆ ಪಂಪು ಹಾಕುವುದೆಂದರೆ ಗ್ರಾಮದೊಳಗೆ ಅಮೋನಿಯಾದ ದಾಸ್ತಾನನ್ನು ಅನಗತ್ಯವಾಗಿ ಹೆಚ್ಚಿಸುವುದೇ ಆಗುತ್ತದೆ.

3. ಎಷ್ಟು ದೊಡ್ಡ ಪಂಪು?

ಒಂದು ಉದಾಹರಣೆಯ ಲೆಕ್ಕ. 100 ಟನ್ ಶೈತ್ಯ ಸಾಮರ್ಥ್ಯವೆಂದರೆ ಸುಮಾರು 352 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಮೈನಸ್ 10 ಡಿಗ್ರಿಯಲ್ಲಿ ಇದಕ್ಕಾಗಿ ಗಂಟೆಗೆ ಸುಮಾರು 975 ಕಿಲೋಗ್ರಾಂ ಅಮೋನಿಯಾ ಆವಿಯಾಗಬೇಕು. ಆ ತಾಪದಲ್ಲಿ ಒಂದು ಘನ ಮೀಟರ್ ದ್ರವ ಅಮೋನಿಯಾ ಸುಮಾರು 650 ಕಿಲೋಗ್ರಾಂ ತೂಗುವುದರಿಂದ ಇದು ಗಂಟೆಗೆ ಒಂದೂವರೆ ಘನ ಮೀಟರ್ ಆಯಿತು. ನಾಲ್ಕು ಪಟ್ಟು ಕಳುಹಿಸುವುದಾದರೆ 6 ಘನ ಮೀಟರ್, ಅಂದರೆ ನಿಮಿಷಕ್ಕೆ 100 ಲೀಟರ್. ಒಂದು ಸಾಧಾರಣ ಕೊಳವೆ ಬಾವಿಯ ನೀರಿನಷ್ಟೇ ಇದು. ನೂರು ಟನ್ನಿನ ಘಟಕಕ್ಕೆ ಭಾರಿ ಪಂಪು ಬೇಕೆಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದಿಡಬಹುದು.

ಒತ್ತಡದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ನೀರಿನಲ್ಲಿ 30 ಮೀಟರ್ ಎತ್ತುವ ಪಂಪು ಸುಮಾರು 3 ಬಾರ್ ಒತ್ತಡ ತೋರಿಸುತ್ತದೆ. ಅಮೋನಿಯಾ ನೀರಿಗಿಂತ ಹಗುರವಾದುದರಿಂದ ಅದೇ ಪಂಪು ಅಮೋನಿಯಾದಲ್ಲಿ ಸುಮಾರು 2 ಬಾರ್ ಮಾತ್ರ ಕೊಡುತ್ತದೆ. ಒಬ್ಬರು ಮೀಟರಿನಲ್ಲಿ, ಮತ್ತೊಬ್ಬರು ಬಾರಿನಲ್ಲಿ ದರಪಟ್ಟಿ ಕೊಟ್ಟರೆ ಅವೆರಡನ್ನು ಹಾಗೆಯೇ ಪಕ್ಕಪಕ್ಕ ಇಟ್ಟು ಹೋಲಿಸಲಾಗದು. ಯಾವ ದ್ರವ, ಯಾವ ತಾಪ, ಯಾವ ಸಾಂದ್ರತೆ ಎಂಬುದನ್ನು ಎಲ್ಲರೂ ಒಂದೇ ಬಗೆಯಾಗಿ ಬರೆದುಕೊಡಬೇಕು.

ಮೇಲಿನ ಉದಾಹರಣೆಯಲ್ಲಿ ಗಂಟೆಗೆ 6 ಘನ ಮೀಟರ್ ದ್ರವವನ್ನು 2 ಬಾರ್ ಒತ್ತಡಕ್ಕೆ ಏರಿಸಲು ಸುಮಾರು ಒಂದು ಕಿಲೋವ್ಯಾಟ್ ಸೆಳೆಯುವ ಮೋಟರು ಸಾಕಾಗಬಹುದು. ‘ಇರಲಿ, ಮುಂದೆ ಬೇಕಾದೀತು’ ಎಂದು ಮೂರು ಕಿಲೋವ್ಯಾಟ್ ಸೆಳೆಯುವ ಪಂಪನ್ನು ಹಾಕಿದರೆ ದಿನಕ್ಕೆ 48 ಯೂನಿಟ್ ವಿದ್ಯುತ್ತು ಹೆಚ್ಚು ಖರ್ಚಾಗುತ್ತದೆ. ನಷ್ಟ ಅಲ್ಲಿಗೆ ನಿಲ್ಲುವುದಿಲ್ಲ. ಪಂಪಿಗೆ ಕೊಟ್ಟ ವಿದ್ಯುತ್ತು ಬಹುತೇಕ ಶಾಖವಾಗಿ ಆ ತಣ್ಣನೆಯ ಅಮೋನಿಯಾವನ್ನೇ ಸೇರುತ್ತದೆ. ಅದನ್ನು ಮತ್ತೆ ಹೊರಹಾಕಲು ಕಂಪ್ರೆಸರು ದಿನಕ್ಕೆ ಇನ್ನೂ ಸುಮಾರು 16 ಯೂನಿಟ್ ಬಳಸುತ್ತದೆ. ಒಟ್ಟು ತಿಂಗಳಿಗೆ ಸುಮಾರು 1,900 ಯೂನಿಟ್. ಕಟ್ಟಡಕ್ಕೆ ಸಹಾಯಧನ ದೊರೆಯಬಹುದು. ತಿಂಗಳು ತಿಂಗಳು ಬರುವ ಈ ಬಿಲ್ಲನ್ನು ಮಾತ್ರ ಚೀಲಕ್ಕಿಷ್ಟು ಬಾಡಿಗೆ ಎಂದು ರೈತನೇ ತೆರಬೇಕಾಗುತ್ತದೆ.

4. ಕುದಿಯಲು ಕಾದಿರುವ ದ್ರವ

ನೀರಿನ ಪಂಪನ್ನು ಬಲ್ಲವರು ಅಮೋನಿಯಾ ಪಂಪಿನಲ್ಲಿ ಎಡವುವುದು ಇಲ್ಲಿಯೇ. ತೊಟ್ಟಿಯಲ್ಲಿರುವ ನೀರು ಕುದಿಯುವ ಹಂತದಿಂದ ಬಹಳ ದೂರವಿರುತ್ತದೆ. ರಿಸೀವರ್‌ನಲ್ಲಿರುವ ಅಮೋನಿಯಾ ಹಾಗಲ್ಲ. ಅದು ಸದಾ ಕುದಿಯುವ ಅಂಚಿನಲ್ಲಿಯೇ ಇರುತ್ತದೆ. ಒತ್ತಡ ಚೂರು ಇಳಿದರೂ, ಶಾಖ ಚೂರು ತಾಗಿದರೂ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳು ಪಂಪಿನೊಳಗೆ ಹೊಕ್ಕರೆ ದ್ರವ ಸಾಗುವುದು ನಿಲ್ಲುತ್ತದೆ, ಪಂಪು ಕಲ್ಲು ಅರೆದಂತೆ ಸದ್ದು ಮಾಡುತ್ತದೆ, ಚಕ್ರ ಮತ್ತು ಬೇರಿಂಗುಗಳು ಸವೆಯುತ್ತವೆ.

ಇದನ್ನು ತಡೆಯುವ ಉಪಾಯ ಎತ್ತರ. ರಿಸೀವರ್‌ನಲ್ಲಿನ ದ್ರವದ ಅತಿ ಕೆಳಗಿನ ಮಟ್ಟವೂ ಪಂಪಿಗಿಂತ ಸಾಕಷ್ಟು ಮೇಲಿರಬೇಕು. ಪ್ರತಿ ಪಂಪಿಗೂ ಬಾಯಿಯ ಬಳಿ ಎಷ್ಟು ಎತ್ತರದ ದ್ರವದ ಒತ್ತು ಬೇಕೆಂಬುದನ್ನು ತಯಾರಕರು ತಮ್ಮ ನಕ್ಷೆಯಲ್ಲಿ ಕೊಡುತ್ತಾರೆ. ಕೊಳವೆಯ ಘರ್ಷಣೆಯಲ್ಲಿ ಕಳೆದುಹೋಗುವುದನ್ನು ಅದಕ್ಕೆ ಕೂಡಿಸಿ, ಅದರ ಮೇಲೂ ಕನಿಷ್ಠ ಅರ್ಧ ಮೀಟರಿನಿಂದ ಒಂದು ಮೀಟರಿನಷ್ಟು ಹೆಚ್ಚುವರಿ ಎತ್ತರವನ್ನು ಇಡುವುದು ಒಳ್ಳೆಯ ರೂಢಿ. ಈ ರಕ್ಷಣೆ ಎಷ್ಟು ತೆಳುವಾದುದೆಂದರೆ, ಮೈನಸ್ 10 ಡಿಗ್ರಿಯಲ್ಲಿ ಒಂದೂವರೆ ಮೀಟರ್ ಎತ್ತರದ ಅಮೋನಿಯಾ ಕೊಡುವ ಒತ್ತು ಸುಮಾರು 0.1 ಬಾರ್ ಮಾತ್ರ. ದ್ರವವು ಒಂದು ಡಿಗ್ರಿಯಷ್ಟು ಬಿಸಿಯಾದರೂ ಆ ರಕ್ಷಣೆ ಕರಗಿಹೋಗುತ್ತದೆ. ಆದ್ದರಿಂದ ರಿಸೀವರ್‌ನಿಂದ ಪಂಪಿಗೆ ಬರುವ ಕೊಳವೆ ಅಗಲವಾಗಿರಬೇಕು, ಗಿಡ್ಡವಾಗಿರಬೇಕು, ತಿರುವುಗಳು ಕಡಿಮೆಯಿರಬೇಕು, ಶಾಖ ತಾಗದಂತೆ ದಪ್ಪನೆಯ ಹೊದಿಕೆ ಇರಬೇಕು. ಒಳ್ಳೆಯ ವಿನ್ಯಾಸದಲ್ಲಿ ಇಲ್ಲಿ ದ್ರವದ ವೇಗ ಸೆಕೆಂಡಿಗೆ ಅರ್ಧ ಮೀಟರನ್ನು ಮೀರುವುದಿಲ್ಲ. ರಿಸೀವರ್‌ನ ತಳದಲ್ಲಿ ಸುಳಿ ಏಳದಂತೆ ತಡೆಯುವ ಪಟ್ಟಿಯೂ ಬೇಕು. ಸುಳಿ ಎದ್ದರೆ ಆವಿಯು ದ್ರವದೊಡನೆಯೇ ಕೆಳಗಿಳಿಯುತ್ತದೆ.

ಕಂಪ್ರೆಸರನ್ನು ಒಮ್ಮೆಲೇ ಪೂರ್ಣ ಬಲದಲ್ಲಿ ಚಾಲೂ ಮಾಡಿದರೆ ರಿಸೀವರ್‌ನ ಒತ್ತಡ ದಿಢೀರನೆ ಕುಸಿದು, ಒಳಗಿನ ದ್ರವವೆಲ್ಲ ಉಕ್ಕುವ ಹಾಲಿನಂತೆ ಏಳುತ್ತದೆ. ಎಷ್ಟೇ ಬೆಲೆಬಾಳುವ ಪಂಪೂ ಆಗ ದ್ರವವನ್ನು ಹಿಡಿಯಲಾರದು. ಕಂಪ್ರೆಸರನ್ನು ಹಂತಹಂತವಾಗಿ ಏರಿಸುವುದೂ ಪಂಪಿನ ರಕ್ಷಣೆಯ ಭಾಗವೇ ಆಗಿದೆ. ಕಟ್ಟಡದ ಎತ್ತರ ಕಡಿಮೆ ಮಾಡಿ ಹಣ ಉಳಿಸಲು ರಿಸೀವರ್‌ನ್ನು ತಗ್ಗಿನಲ್ಲಿ ಕೂರಿಸಿದ ಘಟಕದಲ್ಲಿ ಪಂಪು ಮತ್ತೆ ಮತ್ತೆ ಕೆಡುತ್ತದೆ. ಕೆಟ್ಟಾಗಲೆಲ್ಲ ಅದನ್ನು ಬಿಚ್ಚಬೇಕಾಗುತ್ತದೆ. ಬಿಚ್ಚುವ ಪ್ರತಿ ಸಲವೂ ಅಮೋನಿಯಾ ಹೊರಬರುವ ಸಂದರ್ಭವೇ. ಹೀಗೆ ನಕ್ಷೆಯಲ್ಲಿ ಉಳಿಸಿದ ಒಂದು ಮೀಟರು ಊರಿನ ಮೇಲೆ ಹೊರೆಯಾಗಿ ಬರುತ್ತದೆ.

5. ಪಂಪುಗಳ ಬಗೆಗಳು

ಮೊದಲನೆಯದು, ಹೊರಗೆ ಮೋಟರು ಇರುವ ಪಂಪು. ಮೋಟರು ಬೇರೆ, ಪಂಪು ಬೇರೆ. ಎರಡನ್ನೂ ಒಂದು ಶಾಫ್ಟ್ ಜೋಡಿಸುತ್ತದೆ. ಸ್ಥಳೀಯವಾಗಿ ಸಿಗುವ ಮೋಟರನ್ನು ಹಾಕಬಹುದು, ಸುಟ್ಟರೆ ಹತ್ತಿರದ ಪಟ್ಟಣದಲ್ಲಿಯೇ ವೈಂಡಿಂಗ್ ಮಾಡಿಸಬಹುದು, ಮೊದಲ ಬೆಲೆ ಸಾಮಾನ್ಯವಾಗಿ ಕಡಿಮೆ. ಆದರೆ ಶಾಫ್ಟ್ ಹೊರಬರುವ ಜಾಗದಲ್ಲಿ ಸೀಲ್ ಇರಲೇಬೇಕು. ತಿರುಗುವ ಭಾಗದಲ್ಲಿರುವ ಸೀಲ್ ಎಂದಾದರೂ ಸವೆಯುತ್ತದೆ; ಸವೆದ ದಿನ ಅಮೋನಿಯಾ ಸೋರುತ್ತದೆ. ಎರಡು ಸೀಲ್‌ಗಳ ನಡುವೆ ಎಣ್ಣೆ ತುಂಬಿದ ವ್ಯವಸ್ಥೆಯಿದ್ದರೆ ಅಪಾಯ ಕಡಿಮೆ. ಆದರೆ ಎಣ್ಣೆಯ ಮಟ್ಟವನ್ನು ಪ್ರತಿದಿನ ನೋಡುವ ನಿಷ್ಠಾವಂತ ಕೆಲಸಗಾರ ಬೇಕು.

ಇದೇ ವರ್ಗದಲ್ಲಿ ಹಲ್ಲುಚಕ್ರದ ಗೇರ್ ಪಂಪುಗಳೂ ಇವೆ. ಇವು ಸ್ವಲ್ಪ ಆವಿ ಬೆರೆತರೂ ಸಹಿಸಿಕೊಳ್ಳುತ್ತವೆ. ಎದುರಿನ ಒತ್ತಡ ಹೆಚ್ಚು ಕಡಿಮೆಯಾದರೂ ಬಹುತೇಕ ಒಂದೇ ಪ್ರಮಾಣದ ದ್ರವವನ್ನು ಕಳುಹಿಸುತ್ತವೆ. ಆದರೆ ಮುಂದಿನ ವಾಲ್ವ್ ಮುಚ್ಚಿದ್ದರೂ ಅವು ದೂಡುತ್ತಲೇ ಇರುತ್ತವೆ. ಆದುದರಿಂದ ಒತ್ತಡ ಮಿತಿಮೀರಿದಾಗ ತಾನಾಗಿ ತೆರೆದು ದ್ರವವನ್ನು ಹಿಂದಕ್ಕೆ ಬಿಡುವ ರಿಲೀಫ್ ವಾಲ್ವ್ ಇಲ್ಲದೆ ಗೇರ್ ಪಂಪನ್ನು ಚಾಲೂ ಮಾಡಲೇಬಾರದು. ಕೊಳೆ, ವೆಲ್ಡಿಂಗಿನ ಚೂರುಗಳು ಸೇರಿದರೆ ಹಲ್ಲುಗಳು ಬೇಗ ಸವೆಯುತ್ತವೆ.

ಎರಡನೆಯದು, ಮೋಟರು ಮತ್ತು ಪಂಪು ಒಂದೇ ಮುಚ್ಚಿದ ಕವಚದಲ್ಲಿರುವ ಹರ್ಮೆಟಿಕ್ ಪಂಪು. ಕೊಳವೆ ಬಾವಿಯ ಸಬ್‌ಮರ್ಸಿಬಲ್ ಪಂಪನ್ನು ಬಲ್ಲ ಸದಸ್ಯರಿಗೆ ಇದು ಬೇಗ ಅರ್ಥವಾಗುತ್ತದೆ. ಸಬ್‌ಮರ್ಸಿಬಲ್ ಮೋಟರು ಸುತ್ತಲಿನ ನೀರಿನಿಂದ ತಂಪಾಗುವಂತೆ ಇಲ್ಲಿ ಅಮೋನಿಯಾವೇ ಮೋಟರನ್ನು ತಂಪಾಗಿಸುತ್ತದೆ, ಬೇರಿಂಗುಗಳಿಗೆ ಎಣ್ಣೆಯ ಕೆಲಸವನ್ನೂ ಅದೇ ಮಾಡುತ್ತದೆ. ತಾಮ್ರದ ಸುರುಳಿಗೆ ಅಮೋನಿಯಾ ತಾಗದಂತೆ ನಡುವೆ ತೆಳುವಾದ ಸ್ಟೇನ್‌ಲೆಸ್ ಉಕ್ಕಿನ ಕವಚವಿರುತ್ತದೆ. ಶಾಫ್ಟ್ ಹೊರಬರುವುದೇ ಇಲ್ಲವಾದ್ದರಿಂದ ಸೋರುವ ಸೀಲ್ ಇಲ್ಲ. ಜನವಸತಿಯ ಹತ್ತಿರದ ಘಟಕಕ್ಕೆ ಇದೇ ಇದರ ದೊಡ್ಡ ಗುಣ.

ಇದರ ದೋಷವೂ ಸಬ್‌ಮರ್ಸಿಬಲ್ ಪಂಪಿನದೇ. ನೀರಿಲ್ಲದ ಬಾವಿಯಲ್ಲಿ ಮೋಟರು ಓಡಿದರೆ ಏನಾಗುತ್ತದೆಂಬುದನ್ನು ಪ್ರತಿ ಗ್ರಾಮದ ನೀರಗಂಟಿಯೂ ಬಲ್ಲ. ಅಮೋನಿಯಾ ಇಲ್ಲದೆ ಓಡಿದ ಹರ್ಮೆಟಿಕ್ ಪಂಪಿನ ಬೇರಿಂಗುಗಳು ಸ್ವಲ್ಪ ಹೊತ್ತಿನಲ್ಲಿಯೇ ಹಾಳಾಗುತ್ತವೆ. ಆದ್ದರಿಂದ ದ್ರವದ ಮಟ್ಟ ಇಳಿದರೆ, ಒತ್ತಡದ ಅಂತರ ಕುಸಿದರೆ, ಮೋಟರು ಸೆಳೆಯುವ ಆಂಪಿಯರ್ ತೀರ ಕಡಿಮೆಯಾದರೆ ತಾನಾಗಿ ನಿಲ್ಲಿಸುವ ಸಾಧನಗಳು ಪ್ಯಾನೆಲ್ ಬೋರ್ಡಿನಲ್ಲಿ ಇರಲೇಬೇಕು. ಲೈನ್ ದುರಸ್ತಿಯ ನಂತರ ಮೂರು ಫೇಸ್‌ಗಳು ಅದಲುಬದಲಾಗಿ ಬರುವುದು ಗ್ರಾಮಗಳಲ್ಲಿ ಅಪರೂಪವಲ್ಲ. ಹೊರಗಿನ ಮೋಟರು ಹಿಮ್ಮುಖವಾಗಿ ತಿರುಗಿದರೆ ಕಣ್ಣಿಗೆ ಕಾಣುತ್ತದೆ. ಮುಚ್ಚಿದ ಕವಚದೊಳಗಿನದು ಕಾಣುವುದಿಲ್ಲ. ಫೇಸ್ ಕ್ರಮ ತಪ್ಪಿದರೆ ಚಾಲೂ ಆಗಗೊಡದ ರಿಲೇ ಒಂದು ಸಣ್ಣ ವಸ್ತು. ಇಂತಹ ಊರುಗಳಲ್ಲಿ ಅದು ಇರಲೇಬೇಕು.

ಮೂರನೆಯ ಬಗೆಯಲ್ಲಿ ತಿರುಗುವ ಪಂಪೇ ಇಲ್ಲ. ಒಂದು ಪಾತ್ರೆಯಲ್ಲಿ ದ್ರವ ತುಂಬಿಸಿ, ಹೆಚ್ಚು ಒತ್ತಡದ ಅಮೋನಿಯಾ ಅನಿಲದಿಂದಲೇ ಅದನ್ನು ಕೊಳವೆಗೆ ದೂಡುವ ವ್ಯವಸ್ಥೆಯಿದು. ಬೇರಿಂಗ್, ಸೀಲ್ ಯಾವುದೂ ಇಲ್ಲ. ಆದರೆ ದೂಡಲು ಬಳಸಿದ ಅನಿಲವನ್ನು ಕಂಪ್ರೆಸರು ಮತ್ತೆ ಒತ್ತಬೇಕಾದುದರಿಂದ ವಿದ್ಯುತ್ತಿನ ಖರ್ಚು ಅಲ್ಲಿ ಸೇರುತ್ತದೆ. ಸರದಿಯಂತೆ ತೆರೆದು ಮುಚ್ಚುವ ವಾಲ್ವ್‌ಗಳ ಆರೈಕೆಯೂ ಬೇಕು.

ಯಾವ ಬಗೆಯಾದರೂ ಒಂದು ನಿಯಮ ಎಲ್ಲಕ್ಕೂ ಸಮಾನ. ತೇವದ ಜೊತೆ ಸೇರಿದ ಅಮೋನಿಯಾ ತಾಮ್ರ ಮತ್ತು ಹಿತ್ತಾಳೆಯನ್ನು ತಿನ್ನುತ್ತದೆ. ಆದ್ದರಿಂದ ನೀರಿನ ಪಂಪನ್ನಾಗಲಿ, ಹಿತ್ತಾಳೆಯ ಬುಷ್ ಅಥವಾ ವಾಲ್ವನ್ನಾಗಲಿ ತಾತ್ಕಾಲಿಕವಾಗಿಯೂ ಅಮೋನಿಯಾ ಸಾಲಿನಲ್ಲಿ ಹಾಕಕೂಡದು. ಉಕ್ಕು ಮತ್ತು ಅದಕ್ಕೆ ತಕ್ಕ ಎರಕದ ಕಬ್ಬಿಣವೇ ಇಲ್ಲಿ ಬಳಕೆಗೆ ಯೋಗ್ಯ.

6. ಪಂಪಿನೊಡನೆ ಬರಬೇಕಾದವು

ದರಪಟ್ಟಿಯಲ್ಲಿ ಪಂಪಿನ ಬೆಲೆ ಕಡಿಮೆ ಕಾಣುವಂತೆ ಮಾಡಲು ಜೊತೆಗಿನ ಸಾಮಗ್ರಿಗಳನ್ನು ಬಿಟ್ಟಿರುವ ಸಂಭವವುಂಟು. ಪಂಪಿನ ಎರಡೂ ಬದಿಗೆ ವಾಲ್ವ್, ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಒತ್ತಡಮಾಪಕಗಳು, ಕಾಯಿಲ್‌ಗಳೆಲ್ಲ ಮುಚ್ಚಿದಾಗಲೂ ಕನಿಷ್ಠ ಹರಿವು ರಿಸೀವರ್‌ಗೆ ಮರಳುವಂತೆ ಒಂದು ದಾರಿ, ಪಂಪಿನಲ್ಲಿ ಸೇರಿದ ಆವಿ ಮೇಲಕ್ಕೆ ಹೋಗಲು ಇನ್ನೊಂದು ಕೊಳವೆ, ಇವೆಲ್ಲ ಅವಶ್ಯಕ. ಕಂಪ್ರೆಸರಿನಿಂದ ಬರುವ ಎಣ್ಣೆ ದ್ರವ ಅಮೋನಿಯಾಕ್ಕಿಂತ ಭಾರವಾದುದರಿಂದ ರಿಸೀವರ್‌ನ ತಳದಲ್ಲಿ ನಿಲ್ಲುತ್ತದೆ. ಅದನ್ನು ಪಂಪಿಗೆ ಹೋಗುವ ಮೊದಲೇ ಸುರಕ್ಷಿತವಾಗಿ ತೆಗೆಯುವ ವ್ಯವಸ್ಥೆ ಇರಬೇಕು.

ಇವುಗಳಲ್ಲಿ ಅತಿ ಮುಖ್ಯವಾದುದು ಎರಡು ವಾಲ್ವ್‌ಗಳ ನಡುವೆ ಸಿಕ್ಕಿಬಿದ್ದ ದ್ರವದ ವಿಷಯ. ದುರಸ್ತಿಗಾಗಿ ಪಂಪಿನ ಎರಡೂ ಕಡೆಯ ವಾಲ್ವ್ ಮುಚ್ಚಿದಾಗ ನಡುವೆ ತಣ್ಣನೆಯ ದ್ರವ ತುಂಬಿಕೊಂಡಿದ್ದರೆ, ಅದು ಕೋಣೆಯ ಬಿಸಿಗೆ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದ ದ್ರವ ಉಕ್ಕಿನ ಕೊಳವೆಯನ್ನೂ ಸೀಳಬಲ್ಲದು. ಅಂತಹ ಪ್ರತಿ ಜಾಗದಲ್ಲಿಯೂ ರಿಲೀಫ್ ವಾಲ್ವ್ ಇರಬೇಕು. ದ್ರವವನ್ನು ಖಾಲಿ ಮಾಡಿದ ನಂತರವೇ ಮುಚ್ಚುವ ಲಿಖಿತ ಕ್ರಮವೂ ಇರಬೇಕು.

ಪಂಪುಗಳು ಎರಡಿರುವುದು ಒಳ್ಳೆಯದು: ಒಂದು ಓಡಲು, ಒಂದು ಸಿದ್ಧವಾಗಿರಲು. ಒಂದೇ ಪಂಪು ಇದ್ದು ಅದು ಕೆಟ್ಟರೆ ಒಳಗಿನ ಸರಕು ಕೆಡುವ ಭಯದಿಂದ ಅವಸರದ ದುರಸ್ತಿ ನಡೆಯುತ್ತದೆ. ಅವಸರದಲ್ಲಿ ವಾಲ್ವ್ ಮುಚ್ಚುವುದು ಮರೆಯುತ್ತದೆ, ಮುಖಕವಚ ಧರಿಸುವುದು ಮರೆಯುತ್ತದೆ. ಎರಡನೆಯ ಪಂಪಿನ ಬೆಲೆಯನ್ನು ಆ ದೃಷ್ಟಿಯಿಂದಲೂ ತೂಗಿ ನೋಡಬೇಕು.

7. ವಿದ್ಯುತ್ತು ಹೋಗಿ ಬಂದಾಗ

ಅಮೆರಿಕದ ಅಲಬಾಮ ರಾಜ್ಯದ ಥಿಯೋಡೋರ್ ಎಂಬಲ್ಲಿನ ಶೈತ್ಯಾಗಾರದಲ್ಲಿ 2010ರ ಆಗಸ್ಟ್ 23ರಂದು ನಡೆದ ಅವಘಡ ಎಲ್ಲ ಊರುಗಳಿಗೂ ಪಾಠವಾಗಿದೆ. ಹಿಂದಿನ ದಿನ ಅಲ್ಲಿ ಏಳು ಗಂಟೆಗೂ ಹೆಚ್ಚು ಕಾಲ ವಿದ್ಯುತ್ತು ಇರಲಿಲ್ಲ. ಘಟಕವನ್ನು ಮತ್ತೆ ಚಾಲೂ ಮಾಡುವಾಗ, ಬಿಸಿ ಅನಿಲದಿಂದ ಮಂಜು ಕರಗಿಸುತ್ತಿದ್ದ ಒಂದು ಕಾಯಿಲ್ ಆ ಕೆಲಸ ಮುಗಿಯುವ ಮೊದಲೇ ತಂಪು ಮಾಡುವ ಸ್ಥಿತಿಗೆ ಮರಳಿತು. ಬಿಸಿ ಅನಿಲವಿದ್ದ ಕೊಳವೆಗೆ ತಣ್ಣನೆಯ ದ್ರವ ಒಮ್ಮೆಲೇ ಸೇರಿ, ಸುತ್ತಿಗೆಯ ಪೆಟ್ಟಿನಂತಹ ಆಘಾತ ಉಂಟಾಯಿತು. ಛಾವಣಿಯ ಮೇಲಿನ ಕೊಳವೆ ಸೀಳಿ 14,500 ಕಿಲೋಗ್ರಾಂಗೂ ಹೆಚ್ಚು ಅಮೋನಿಯಾ ಹೊರಬಂದಿತು. ಅಸ್ವಸ್ಥರಾದವರಲ್ಲಿ 152 ಮಂದಿ ಆ ಘಟಕಕ್ಕೆ ಸೇರಿದವರೇ ಅಲ್ಲ. ಗಾಳಿ ಬೀಸಿದ ಕಡೆ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವರು. ಅವರಲ್ಲಿ 32 ಮಂದಿ ಆಸ್ಪತ್ರೆ ಸೇರಬೇಕಾಯಿತು.

ವಿದ್ಯುತ್ತು ದಿನದಲ್ಲಿ ಹಲವು ಬಾರಿ ಹೋಗಿ ಬರುವ ಊರುಗಳಲ್ಲಿ ಈ ಪಾಠಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ವಿದ್ಯುತ್ತು ಬಂದೊಡನೆ ಪಂಪು ತಾನಾಗಿಯೇ ಓಡತೊಡಗಬಾರದು. ಮೊದಲು ವಾಲ್ವ್‌ಗಳ ಸ್ಥಿತಿ, ಬಳಿಕ ರಿಸೀವರ್‌ನ ಮಟ್ಟ, ಬಳಿಕ ಕಂಪ್ರೆಸರು, ಅದರ ಒತ್ತಡ ನೆಲೆ ನಿಂತ ಮೇಲೆ ಪಂಪು ಎಂಬಂತಹ ಕ್ರಮವನ್ನು ಕನ್ನಡದಲ್ಲಿ ಬರೆದು ಯಂತ್ರಕೋಣೆಯ ಗೋಡೆಗೆ ಹಾಕಿರಬೇಕು. ರಾತ್ರಿಯ ಪಾಳಿಯ ಕೆಲಸಗಾರನು ಓದಲಾರದ ಭಾಷೆಯಲ್ಲಿರುವ ಕೈಪಿಡಿಯಿಂದ ಊರಿಗೆ ರಕ್ಷಣೆಯಿಲ್ಲ.

8. ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಅನುಮತಿಯ ಅರ್ಜಿಯಾಗಲಿ, ಸಹಕಾರ ಸಂಘದ ದರಪಟ್ಟಿಯಾಗಲಿ ಮುಂದೆ ಬಂದಾಗ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದು ಸಭಾ ನಡವಳಿಯಲ್ಲಿ ದಾಖಲಿಸುವುದು ಉಚಿತ:

(1) ಘಟಕದಲ್ಲಿ ಒಟ್ಟು ಎಷ್ಟು ಕಿಲೋಗ್ರಾಂ ಅಮೋನಿಯಾ ಇರುತ್ತದೆ?
(2) ಪಂಪಿಲ್ಲದ ವ್ಯವಸ್ಥೆ ಸಾಲದೇಕೆ?
(3) ಗಂಟೆಗೆ ಎಷ್ಟು ದ್ರವ, ಎಷ್ಟು ಒತ್ತಡ, ಯಾವ ತಾಪದಲ್ಲಿ ಎಂಬ ಲೆಕ್ಕ ಎಲ್ಲಿದೆ?
(4) ರಿಸೀವರ್‌ನ ಕನಿಷ್ಠ ದ್ರವಮಟ್ಟ ಪಂಪಿಗಿಂತ ಎಷ್ಟು ಎತ್ತರದಲ್ಲಿದೆ, ತಯಾರಕರು ಕೇಳಿರುವುದೆಷ್ಟು?
(5) ಪಂಪಿಗೆ ಶಾಫ್ಟ್ ಸೀಲ್ ಇದೆಯೇ? ಇದ್ದರೆ ಅದನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ?
(6) ಒಣಗಿ ಓಡದಂತೆ, ಹಿಮ್ಮುಖ ತಿರುಗದಂತೆ ತಡೆಯುವ ಸಾಧನಗಳು ಯಾವುವು?
(7) ದ್ರವ ಸಿಕ್ಕಿಬೀಳುವ ಪ್ರತಿ ಜಾಗಕ್ಕೂ ರಿಲೀಫ್ ವಾಲ್ವ್ ಇದೆಯೇ?
(8) ಬದಲಿ ಪಂಪು ಮತ್ತು ಬಿಡಿಭಾಗಗಳು ಎಲ್ಲಿ ಲಭ್ಯ, ಎಷ್ಟು ದಿನದಲ್ಲಿ ಬರುತ್ತವೆ?
(9) ಸೋರಿಕೆ ಗುರುತಿಸುವ ಸಾಧನ, ಹೊರಗಿನಿಂದಲೇ ಯಂತ್ರ ನಿಲ್ಲಿಸುವ ಗುಂಡಿ, ಉಸಿರಾಟದ ಉಪಕರಣಗಳು ಇವೆಯೇ?
(10) ಶಾಲೆ, ಅಂಗನವಾಡಿ, ಜನವಸತಿ ಎಷ್ಟು ದೂರದಲ್ಲಿವೆ, ಬಹುಕಾಲ ಗಾಳಿ ಬೀಸುವುದು ಯಾವ ದಿಕ್ಕಿಗೆ?

ಅಪಾಯಕಾರಿ ರಾಸಾಯನಿಕಗಳ ಕುರಿತ 1989ರ ಕೇಂದ್ರ ನಿಯಮಗಳ ಕಟ್ಟುನಿಟ್ಟಿನ ವಿಧಿಗಳು ಅಮೋನಿಯಾದ ದಾಸ್ತಾನು ಹತ್ತಾರು ಟನ್ ಮೀರಿದಾಗ ಅನ್ವಯಿಸುವಂತಹವು. ಗ್ರಾಮೀಣ ಶೈತ್ಯಾಗಾರಗಳ ದಾಸ್ತಾನು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಆದುದರಿಂದಲೇ ಸ್ಥಳೀಯ ಎಚ್ಚರಕ್ಕೆ ಬೆಲೆ ಹೆಚ್ಚು. ತಾಂತ್ರಿಕ ತೀರ್ಮಾನವನ್ನು ಸಭೆಯೇ ಮಾಡಬೇಕಾಗಿಲ್ಲ. ಉತ್ತರಗಳಲ್ಲಿ ಸಂದೇಹವಿದ್ದರೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಅಭಿಪ್ರಾಯವನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ಕೋರಬಹುದು.

9. ಸೋರಿಕೆಯಾದರೆ

ಗ್ರಾಮಸಭೆಯಲ್ಲಿ ಜನರಿಗೆ ಈ ಮಾತುಗಳನ್ನು ತಿಳಿಸಿರಬೇಕು. ಗಾಳಿ ಬೀಸುವ ದಿಕ್ಕಿನಲ್ಲಿ ಓಡದೆ, ಗಾಳಿಗೆ ಅಡ್ಡಲಾಗಿ ಸರಿದು, ಅನಂತರ ಗಾಳಿ ಬರುವ ಕಡೆಗೆ ಸಾಗಬೇಕು. ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಹಿಡಿದರೆ ದಾಟಿಹೋಗುವಷ್ಟು ಹೊತ್ತು ಸ್ವಲ್ಪ ರಕ್ಷಣೆ ದೊರೆಯುತ್ತದೆ. ಕಣ್ಣಿಗೆ ತಾಗಿದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು. ನೆಲದ ಮೇಲೆ ನಿಂತ ದ್ರವ ಅಮೋನಿಯಾದ ಮೇಲೆ ನೀರು ಸುರಿಯಬಾರದು, ಅದು ಇನ್ನಷ್ಟು ರಭಸದಿಂದ ಆವಿಯಾಗುತ್ತದೆ. ಗಾಳಿಯಲ್ಲಿನ ಆವಿಯನ್ನು ತುಂತುರು ನೀರಿನಿಂದ ತಡೆಯುವ ಕೆಲಸ ಅಗ್ನಿಶಾಮಕ ದಳದವರದು. ಘಟಕದೊಳಗೆ ಸಿಕ್ಕವರನ್ನು ತರಲು ಉಸಿರಾಟದ ಉಪಕರಣವಿಲ್ಲದೆ ಯಾರೂ ನುಗ್ಗಬಾರದು.

ಶೈತ್ಯಾಗಾರ ಗ್ರಾಮಕ್ಕೆ ಬೇಕು. ಬೆಲೆ ಬಿದ್ದ ದಿನ ಬೆಳೆಯನ್ನು ಮಾರದೆ ಕಾಯುವ ಶಕ್ತಿಯನ್ನು ರೈತನಿಗೆ ಕೊಡುವುದು ಅದೇ. ಅಮೋನಿಯಾವೂ ಬೇಡದ ವಸ್ತುವಲ್ಲ. ಕೊಳವೆಯೊಳಗೆ ಇರುವಷ್ಟು ಕಾಲ ಅದು ಒಳ್ಳೆಯ ಸೇವಕ. ಅದನ್ನು ಕೊಳವೆಯೊಳಗೇ ಉಳಿಸುವ ಹೊಣೆ ಪಂಪು, ವಾಲ್ವ್, ರಿಸೀವರ್‌ನ ಎತ್ತರ ಮತ್ತು ರಾತ್ರಿಯ ಪಾಳಿಯ ಕೆಲಸಗಾರನ ಮೇಲಿದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇಂತಹ ಅರ್ಜಿ ಇದ್ದರೆ, ಅಥವಾ ವ್ಯಾಪ್ತಿಯಲ್ಲಿ ಈಗಾಗಲೇ ಇಂತಹ ಘಟಕವಿದ್ದರೆ, ಮೇಲಿನ ಹತ್ತು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರ ಕೈಗಿಡುವುದರಿಂದ ಕೆಲಸ ಆರಂಭವಾಗಲಿ. ಉತ್ತರ ಸಿದ್ಧವಿರುವ ಮಾಲೀಕರಿಗೆ ಅದರಿಂದ ತೊಂದರೆಯಿಲ್ಲ. ಉತ್ತರವಿಲ್ಲದ ಕಡೆ ಆ ಹಾಳೆ ಒಂದು ಊರನ್ನು ಕಾಪಾಡೀತು.